ಬಿಟ್ಟಿ ದುಡಿಮೆಗೆ ರಾಜೀನಾಮೆ

ಕನ್ನಡದಲ್ಲಿ ‘ಬಿಟ್ಟಿ’ ಎಂಬುದೊಂದು ಮಾತಿದೆ. ಸಂತೆಯಲ್ಲಿ ತರಕಾರಿ ಕೊಂಡಾಗ ಒಂದೆಸಳು ಕರಿಬೇವು ಬಿಟ್ಟಿಯಾಗಿ ಚೀಲಕ್ಕೆ ಬಿದ್ದರೆ ಮನೆಯೊಡತಿಗೆ ಆಗುವ ಆನಂದ ಅಷ್ಟಿಷ್ಟಲ್ಲ. ಆದರೆ ಆ ಮಾತಿನ ಮೂಲವನ್ನು ಹುಡುಕಿಕೊಂಡು ಹೊರಟರೆ ಆನಂದ ಸ್ವಲ್ಪ ಕಡಮೆಯಾಗುತ್ತದೆ. ಸಂಸ್ಕೃತದ ‘ವಿಷ್ಟಿ’ಯೇ ಕನ್ನಡಕ್ಕೆ ಬಂದು ಬಿಟ್ಟಿಯಾಯಿತು. ವಿಷ್ಟಿಯೆಂದರೆ ಅರಸನೋ ಊರಿನ ಒಡೆಯನೋ ಕೂಲಿ ಕೊಡದೆ, ಬಲವಂತದಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ಹಳೆಯ ಶಾಸನಗಳಲ್ಲಿ ತೆರಿಗೆಗಳನ್ನು ಹೆಸರಿಸುವಾಗ ಬಿಟ್ಟಿಯನ್ನೂ ಹೆಸರಿಸುವುದುಂಟು. ಹೀಗೆ ಪಡೆದವನ ಕಡೆಯಿಂದ ನೋಡಿದರೆ ಕಾಸಿಲ್ಲದೆ ಸಿಕ್ಕಿದ ಲಾಭವಾದದ್ದು, ಕೊಟ್ಟವನ ಕಡೆಯಿಂದ ನೋಡಿದರೆ ಕೂಲಿಯಿಲ್ಲದ ಬವಣೆಯಾಗುತ್ತದೆ. ‘ಉಚಿತ’ ಎಂಬ ಮಾತಿನ ಕಥೆಯೂ ಸೋಜಿಗದ್ದೇ. ಅದರ ಮೊದಲ ಅರ್ಥ ‘ತಕ್ಕದ್ದು’, ‘ಯೋಗ್ಯವಾದದ್ದು’ ಎಂದು. ಹಣ ತೆರಬೇಕಾಗಿಲ್ಲದ್ದೆಲ್ಲ ಉಚಿತವೆಂದು ನಮಗೆ ಯಾವಾಗ ತೋರಿತೋ ತಿಳಿಯದು.

ಕನ್ನಡದ ಮೇಷ್ಟರಿಗೆ ಪದಗಳ ಬೆನ್ನು ಹತ್ತುವುದು ರೂಢಿಯೆಂದು ವಾಚಕರು ನಗಬಹುದು. ಆದರೆ ಈ ಎರಡು ಪದಗಳು ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿರುವುದಕ್ಕೆ ತರಗತಿಯ ಪಾಠ ಕಾರಣವಲ್ಲ. ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ ಹಗಲು ಪಂಪ ರನ್ನರನ್ನು ಬೋಧಿಸಿ, ರಾತ್ರಿಯ ಊಟವಾದ ಮೇಲೆ ಒಂದು ಗಂಟೆಯ ಕಾಲ ಗಣಕಯಂತ್ರದ ಮುಂದೆ ಕುಳಿತು, ಯಾರೂ ಹೇಳದ, ಯಾರೂ ಸಂಬಳ ಕೊಡದ ಒಂದು ಕೆಲಸವನ್ನು ಮಾಡುತ್ತೇನೆ. ‘ಮುಕ್ತ ತಂತ್ರಾಂಶ’ ಎಂದು ಕರೆಯುವ ಬಗೆಯ ತಂತ್ರಾಂಶಗಳಲ್ಲಿ ಪರದೆಯ ಮೇಲೆ ಕಾಣುವ ಮಾತುಗಳನ್ನು ಕನ್ನಡಕ್ಕೆ ತರುವುದು ಆ ಕೆಲಸ. ‘ಸೇವ್’ ಎಂಬುದಕ್ಕೆ ‘ಉಳಿಸು’ ಎನ್ನಬೇಕೋ ‘ಕಾಪಿಡು’ ಎನ್ನಬೇಕೋ ಎಂದು ಬೀದರಿನಲ್ಲಿರುವ ಒಬ್ಬರೊಡನೆ ಮೂರು ರಾತ್ರಿ ವಾದ ಮಾಡಿದ್ದೇನೆ. ಅವರ ಮುಖವನ್ನು ಇಂದಿಗೂ ನೋಡಿಲ್ಲ.

ಮುಕ್ತ ತಂತ್ರಾಂಶವೆಂದರೇನೆಂದು ಕೇಳುವವರಿಗೆ ನಾನು ಅಡಿಗೆಮನೆಯ ಉದಾಹರಣೆ ಕೊಡುತ್ತೇನೆ. ಹೋಟೆಲಿನವನು ತಟ್ಟೆಯಲ್ಲಿ ತಿಂಡಿ ತಂದಿಡುತ್ತಾನೆ. ಮಾಡುವ ಬಗೆಯನ್ನು ಹೇಳುವುದಿಲ್ಲ. ನೆರೆಮನೆಯಾಕೆ ಕಾಚಂಪುಳಿ ಹಾಕಿ ಮಾಡಿದ ಸಾರನ್ನು ಬಟ್ಟಲಲ್ಲಿ ತಂದುಕೊಟ್ಟು, ಮಾಡುವ ಬಗೆಯನ್ನೂ ಬರೆದುಕೊಟ್ಟು, “ನಿಮ್ಮ ನಾಲಗೆಗೆ ಬೇಕಾದಂತೆ ಬದಲಾಯಿಸಿಕೊಳ್ಳಿ; ಬೇರೆಯವರಿಗೂ ಹೇಳಿಕೊಡಿ” ಎನ್ನುತ್ತಾಳೆ. ಮುಕ್ತ ತಂತ್ರಾಂಶ ಈ ನೆರೆಮನೆಯಾಕೆಯ ರೀತಿಯದು. ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿ ಈ ಚಳವಳಿಗೆ ನಾಂದಿ ಹಾಡಿದರು. ಫಿನ್‌ಲೆಂಡಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದರು. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲುಗಳ ಹೃದಯದಲ್ಲಿ ಮಿಡಿಯುತ್ತಿರುವುದು ಆ ಲಿನಕ್ಸೇ.

ಕನ್ನಡವೂ ಈ ದಾನದ ಋಣದಲ್ಲಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಇಂದು ಕನ್ನಡದಲ್ಲಿ ಬೆರಳಚ್ಚು ಮಾಡುವವರಲ್ಲಿ ಎಷ್ಟೋ ಮಂದಿಯ ಬೆರಳುಗಳು ಆ ಜಾಡಿನಲ್ಲೇ ಓಡುತ್ತವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30,000ಕ್ಕೂ ಮಿಕ್ಕ ಲೇಖನಗಳಿವೆ. ಬರೆದವರು ಸಂಭಾವನೆ ಕೇಳಿದವರಲ್ಲ. 20,000ಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಕ್ಷಣಾರ್ಧದಲ್ಲಿ ಹುಡುಕಿಕೊಡುವ ‘ವಚನ ಸಂಚಯ’ವೂ ಇಂಥ ಆಸಕ್ತರ ದುಡಿಮೆಯ ಫಲ. ನಾನು ಎಂ. ಎ. ಓದುತ್ತಿದ್ದಾಗ ಒಂದು ಪದದ ಪ್ರಯೋಗಕ್ಕಾಗಿ ಗ್ರಂಥಾಲಯದಲ್ಲಿ ಒಂದು ವಾರ ಧೂಳು ಕುಡಿದಿದ್ದೆ. ಇಂದು ನನ್ನ ವಿದ್ಯಾರ್ಥಿನಿ ಅದನ್ನು ಬಸ್ಸಿಗೆ ಕಾಯುತ್ತ ನಿಂತಲ್ಲೇ ಕಂಡುಕೊಳ್ಳುತ್ತಾಳೆ.

ಇಷ್ಟೆಲ್ಲ ಹೇಳಿದರೂ ಮನೆಯಲ್ಲಿ ಮಾತ್ರ ಒಂದು ಪ್ರಶ್ನೆ ಬಾಕಿಯೇ ಉಳಿಯಿತು. ಒಂದು ರಾತ್ರಿ ನನ್ನಾಕೆ ಹಾಲಿನ ಲೋಟವನ್ನು ಮೇಜಿನ ಮೇಲಿಡುತ್ತ, “ಅಲ್ಲಾರೀ, ಇದಕ್ಕೆ ಅವರು ಏನು ಕೊಡ್ತಾರೆ?” ಎಂದಳು.

“ಏನೂ ಇಲ್ಲ.”

“ಹಾಗಿದ್ದರೆ ನಾಳೆ ಮಾಡಿದರೆ ಆಗದೇನು? ಬೈಯುವವರು ಯಾರು?”

ಉತ್ತರ ಹೇಳಲು ಬಾಯಿ ತೆರೆದು ಸುಮ್ಮನಾದೆ. ಬೈಯುವವರು ಇದ್ದರು ಎಂಬುದೇ ಸೋಜಿಗ. ಆಷಾಢದ ಮಳೆಗೆ ಮರ ಬಿದ್ದು, ತಂತಿ ಹರಿದು, ನಾಲ್ಕು ದಿನ ನಮ್ಮ ಬಡಾವಣೆಯಲ್ಲಿ ವಿದ್ಯುತ್ತಿಲ್ಲದ ವಾರವೊಂದರಲ್ಲಿ, ‘ಒಪ್ಪಿಕೊಂಡ ಮೇಲೆ ಮಾಡಬೇಡವೇ?’ ಎಂದು ಪರಿಚಯವೇ ಇಲ್ಲದ ಮಹನೀಯರೊಬ್ಬರು ಮಿಂಚಂಚೆಯಲ್ಲಿ ವಿಚಾರಿಸಿದ್ದರು. ನಾನು ಒಪ್ಪಿಕೊಂಡದ್ದು ಯಾವಾಗ, ಯಾರ ಎದುರಿಗೆ, ಎಷ್ಟನ್ನು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈ ಬಗೆಯ ಕೆಲಸಗಳ ಸಂಕಟವೆಲ್ಲ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ನನ್ನದು ಹಗುರವಾದ ಅನುಭವ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು ಹಾಗಲ್ಲ. ಬಿ.ಎಸ್‌ಸಿ. ಓದುತ್ತಿದ್ದಾಗಲೇ ಕೇಶಿರಾಜನ ಸೂತ್ರಗಳಲ್ಲಿ ರುಚಿ ಹತ್ತಿಸಿಕೊಂಡಿದ್ದ ಅಪರೂಪದ ಹುಡುಗ. ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ ಮೇಲೆ ಕನ್ನಡದ ಕಾಗುಣಿತವನ್ನು ತಿದ್ದುವ ಪುಟ್ಟ ತಂತ್ರಾಂಶವೊಂದನ್ನು ಬರೆದು, ಅದರ ಒಳಗುಟ್ಟನ್ನೂ ಬಯಲಿಗಿಟ್ಟು, ಎಲ್ಲರಿಗೂ ಕೊಟ್ಟುಬಿಟ್ಟ. ಮೊದಮೊದಲು ಹೊಗಳಿಕೆಯ ಪತ್ರಗಳು ಬಂದುವು. ಮುದ್ರಣಾಲಯದವರು, ಶಾಲಾ ಮೇಷ್ಟರುಗಳು, ಪತ್ರಿಕೆಗಳ ಕರಡು ತಿದ್ದುವವರು ಬಳಸತೊಡಗಿದರು. ಬರಬರುತ್ತ ಪತ್ರಗಳ ಧಾಟಿ ಬದಲಾಯಿತು. ‘ಒತ್ತಕ್ಷರ ತಪ್ಪು ತೋರಿಸುತ್ತಿದೆ, ಬೇಗ ಸರಿಪಡಿಸಿ’ ಎಂದರು. ‘ನಮ್ಮ ಕಡೆಯ ಮಾತುಗಳನ್ನೇಕೆ ಸೇರಿಸಿಲ್ಲ?’ ಎಂದರು. ‘ನಮ್ಮ ಕೆಲಸ ನಿಂತಿದೆ, ನಿಮಗೆ ಜವಾಬ್ದಾರಿ ಇಲ್ಲವೇ?’ ಎಂದು ಒಬ್ಬರು ಬರೆದ ದಿನ ಅವನ ತಂದೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗಾಗಿ ಮಲಗಿದ್ದರು. ಹುಡುಗ ಆ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಮರುವಾರ ಬರೆಯೋಣವೆಂದರೆ, ತಡವಾದದ್ದಕ್ಕೆ ಏನು ಹೇಳಲಿ ಎಂಬ ಸಂಕೋಚ. ತಿಂಗಳು ಕಳೆದ ಮೇಲೆ ಸಂಕೋಚವೇ ಭಯವಾಗಿ, ಆ ಅಂಚೆಪೆಟ್ಟಿಗೆಯನ್ನು ತೆರೆಯುವುದನ್ನೇ ನಿಲ್ಲಿಸಿದ. ತಂದೆಯವರು ಗುಣವಾಗಿ ಮನೆಗೆ ಬಂದರು. ಮಗ ಮಾತ್ರ ತಾನು ಪ್ರೀತಿಯಿಂದ ಕಟ್ಟಿದ್ದರ ಕಡೆಗೆ ಎಂಟು ತಿಂಗಳು ಮುಖ ತಿರುಗಿಸಲಿಲ್ಲ.

ಹುತ್ತರಿಯ ರಜಕ್ಕೆ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಕಾಫಿ ಕುಡಿಯುತ್ತ, ತಲೆ ತಗ್ಗಿಸಿಕೊಂಡೇ ಹೇಳಿದ: “ಸರ್, ಆಫೀಸಿನ ಕೆಲಸ ಸಾಕೆನಿಸಿದರೆ ರಾಜೀನಾಮೆ ಕೊಟ್ಟು ಬರಬಹುದು. ಈ ಕೆಲಸಕ್ಕೆ ರಾಜೀನಾಮೆ ಯಾರಿಗೆ ಕೊಡಲಿ?”

ಆ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ನೇಮಕದ ಆಜ್ಞೆಯಿಲ್ಲದ ಹುದ್ದೆಗೆ ನಿವೃತ್ತಿಯೂ ಇಲ್ಲ. ಯಾರೂ ಕೂರಿಸದ ಕುರ್ಚಿಯಿಂದ ಏಳುವುದು ಹೇಗೆ?

ಸಂಬಳವಿಲ್ಲದ ದುಡಿಮೆ ನಮ್ಮ ನಾಡಿಗೆ ಹೊಸದೇನಲ್ಲ. ನಾನು ಸೋಮವಾರಪೇಟೆಯ ಕಡೆಯವನು. ನಾಟಿಯ ಕಾಲದಲ್ಲಿ ನೆರೆಯವರು ನಮ್ಮ ಗದ್ದೆಗಿಳಿದರೆ, ಮರುದಿನವೋ ಮೂರನೆಯ ದಿನವೋ ನಮ್ಮವರು ಅವರ ಗದ್ದೆಗಿಳಿಯಬೇಕು. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಮದುವೆಯಲ್ಲಿ ಓದಿಸುವ ಉಡುಗೊರೆಗೂ ಮುಯ್ಯಿ ಎಂಬ ಹೆಸರೇ ಇದೆ. ಪಡೆದದ್ದನ್ನು ಹಿಂದಿರುಗಿಸಬೇಕೆಂಬ ಸೂಚನೆ ಆ ಪದದೊಳಗೇ ಅಡಗಿದೆ. ಯಾರ ಮನೆಯಿಂದ ಎಷ್ಟು ಆಳು ಬಂದಿತ್ತೆಂಬ ಲೆಕ್ಕ ನಮ್ಮಜ್ಜಿಯ ಬೆರಳ ಗೆಣ್ಣುಗಳಲ್ಲಿ ಭದ್ರವಾಗಿತ್ತು. ಜ್ವರ ಬಂದು ಹೋಗಲಾಗದಿದ್ದರೆ ಬೇಲಿಯಾಚೆಯಿಂದಲೇ ಕೂಗಿ ತಿಳಿಸುತ್ತಿದ್ದರು. ನೆರೆಯವರು ಗಂಜಿ ತಂದುಕೊಡುತ್ತಿದ್ದರೇ ಹೊರತು ಜವಾಬ್ದಾರಿಯ ಪಾಠ ಹೇಳುತ್ತಿರಲಿಲ್ಲ.

ಮುಕ್ತ ತಂತ್ರಾಂಶದ ಗದ್ದೆಗೆ ಬೇಲಿಯೂ ಇಲ್ಲ, ಬೇಲಿಯಾಚೆ ಮುಖವೂ ಇಲ್ಲ. ನಾಟಿ ಮಾಡುವವರು ನಾಲ್ವರು. ಉಣ್ಣುವವರು ನಾಲ್ಕು ಲಕ್ಷ. ಉಣ್ಣುವವನಿಗೆ, ಇದು ಯಾವುದೋ ದೊಡ್ಡ ಕಂಪೆನಿಯ ಗೋದಾಮಿನಿಂದ ಬಂದ ಅಕ್ಕಿಯೆಂಬ ಭಾವನೆ. ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಅವನು ಗದರುವುದು ಕಂಪೆನಿಯನ್ನು. ಗದರಿಕೆ ಹೋಗಿ ಮುಟ್ಟುವುದು ರಾತ್ರಿ ಹನ್ನೊಂದಕ್ಕೆ ಮಗುವನ್ನು ಮಲಗಿಸಿ ಬಂದು ಕುಳಿತ ಒಬ್ಬ ಗೃಹಸ್ಥನನ್ನು. ಬಿಟ್ಟಿಯ ಹಳೆಯ ಅರ್ಥ ಹಿಂದಿರುಗಿ ಬರುವುದು ಹೀಗೆ. ಅರಸನ ಚಾವಟಿಯಿಲ್ಲ, ಆದರೆ ಸಾವಿರ ಮಂದಿಯ ನಿರೀಕ್ಷೆ ಚಾವಟಿಯ ಕೆಲಸವನ್ನೇ ಮಾಡುತ್ತದೆ.

ಇದು ಒಬ್ಬಿಬ್ಬರ ಮನಸ್ಸಿನ ನೋವಷ್ಟೇ ಅಲ್ಲವೆಂಬುದನ್ನು 2024ರಲ್ಲಿ ಲೋಕವೇ ಕಂಡಿತು. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಜೆಡ್ ಎಂಬ ಸಣ್ಣ ಮುಕ್ತ ತಂತ್ರಾಂಶವನ್ನು ಲಾಸೆ ಕೊಲಿನ್ ಎಂಬವರು ಹತ್ತು ವರ್ಷಕ್ಕೂ ಮಿಕ್ಕಿ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಲಿನಕ್ಸ್ ಇರುವ ಅಸಂಖ್ಯಾತ ಗಣಕಗಳಲ್ಲಿ ಅದು ಕುಳಿತಿತ್ತು. 2022ರಲ್ಲಿ, ಕೆಲಸ ನಿಧಾನವೆಂದೂ ಬೇರೆಯವರಿಗೆ ವಹಿಸಿಕೊಡಬೇಕೆಂದೂ ಕೆಲವರು ಅವರನ್ನು ಪೀಡಿಸತೊಡಗಿದರು. ಇದು ಸಂಬಳವಿಲ್ಲದೆ ಹವ್ಯಾಸಕ್ಕೆ ಮಾಡುತ್ತಿರುವ ಕೆಲಸವೆಂದು ಅವರು ನೆನಪಿಸಬೇಕಾಯಿತು. ಅದೇ ಕಾಲಕ್ಕೆ ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಬಂದ ಒಬ್ಬ ಅಪರಿಚಿತ ಬಹು ವಿನಯದಿಂದ ನೆರವಾಗುತ್ತ, ಕ್ರಮೇಣ ನಂಬಿಕೆ ಗಳಿಸಿ, ಒಳಗಿನ ಅಧಿಕಾರವನ್ನೂ ಪಡೆದ. ಕೊನೆಗೆ ಆ ತಂತ್ರಾಂಶದೊಳಗೆ ಕಳ್ಳಗಿಂಡಿಯೊಂದನ್ನು ಕೊರೆದಿಟ್ಟ. ಅದು ಲೋಕದಾದ್ಯಂತ ಹರಡುವ ಮುನ್ನವೇ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ತಮ್ಮ ಗಣಕದ ಬಾಗಿಲು ತೆರೆಯುವುದಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿರುವುದನ್ನು ಗಮನಿಸಿ, ಬೆನ್ನು ಹತ್ತಿ, ಮಾರ್ಚ್ 29ರಂದು ಸಂಗತಿಯನ್ನು ಬಯಲಿಗೆಳೆದರು. ಪೀಡಿಸಿದವರಲ್ಲಿ ಕೆಲವರು ಅಪರಿಚಿತನ ಕಡೆಯವರೇ ಇರಬೇಕೆಂಬ ಅನುಮಾನವಿದೆ. ಅದು ಹೇಗೇ ಇರಲಿ, ದಣಿದ ಮನುಷ್ಯನ ಮೇಲೆ ನಿರೀಕ್ಷೆಯ ಭಾರ ಹೇರಿದರೆ ಅವನು ಯಾರ ಹೆಗಲಿಗಾದರೂ ಒರಗಿಯಾನು ಎಂಬುದನ್ನು ಅಂದು ಕಳ್ಳ ಅರಿತಿದ್ದ. ಬಳಕೆದಾರರಾದ ನಾವು ಅರಿತಿರಲಿಲ್ಲ.

ಹಾಗಾದರೆ ದಾರಿಯೇನು? ಎಲ್ಲರಿಗೂ ಸಂಬಳ ಕೊಡಬೇಕೆಂದು ಹೇಳುವವರಿದ್ದಾರೆ. ಕೊಡಬಲ್ಲ ಕಂಪೆನಿಗಳು ಕೊಡಲಿ. ಆ ಸಾಫ್ಟ್‌ವೇರಿನಿಂದಲೇ ಕೋಟಿ ಗಳಿಸುವವರಿಗೆ ಅದು ಉಚಿತವೇ, ಎಂದರೆ ತಕ್ಕದ್ದೇ. ಆದರೆ ಸಂಬಳವಿಲ್ಲದೆ ಮಾಡುವ ಸಂತೋಷವೂ ಒಂದಿದೆಯಷ್ಟೆ. ಅದನ್ನು ಕಾಪಾಡುವ ಉಪಾಯ ನಮ್ಮ ಕೊಡಗಿನಲ್ಲಿಯೇ ನನ್ನ ಕಣ್ಣಿಗೆ ಬಿದ್ದಿದೆ.

ಕೊಡವರ ಮದುವೆಗೆ ಹೋದವರು ‘ಅರುವ’ನನ್ನು ನೋಡಿರುತ್ತಾರೆ. ಅವನು ಮದುವೆಯ ಮನೆಯವನಲ್ಲ. ಬೇರೆ ಒಕ್ಕಕ್ಕೆ ಸೇರಿದವನು. ಗಂಡಿನ ಕಡೆಗೊಬ್ಬ ಅರುವ, ಹೆಣ್ಣಿನ ಕಡೆಗೊಬ್ಬ ಅರುವ. ‘ಸಮ್ಮಂದ ಕೊಡ್ಪ’ ಎಂಬ ಕಲಾಪದಲ್ಲಿ ಇಬ್ಬರೂ ಎದುರುಬದುರು ನಿಂತು, ನೆರೆದ ಬಂಧುಗಳ ಸಾಕ್ಷಿಯಲ್ಲಿ, ಹೆಣ್ಣಿಗೆ ಹೊಸ ಮನೆಯಲ್ಲಿ ಏನು ಹಕ್ಕೆಂಬುದನ್ನು ಪ್ರಶ್ನೋತ್ತರವಾಗಿ ಬಾಯಿಬಿಟ್ಟು ಆಡುತ್ತಾರೆ. ಹಕ್ಕಿನ ಗುರುತಾಗಿ ಹರಳುಗಲ್ಲುಗಳನ್ನು ಕೊಡುತ್ತಾರೆ. ಅರುವನಿಗೆ ಸಂಬಳವಿಲ್ಲ. ಆದರೆ ಅವನ ಹೊಣೆ ಯಾವುದು, ಅದರ ಎಲ್ಲೆ ಎಲ್ಲಿಯದು ಎಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ಪ್ರೀತಿ ಇದೆಯೆಂದು ಮಾತನ್ನು ಬಿಟ್ಟುಬಿಡಲಿಲ್ಲ. ಪ್ರೀತಿ ಇರುವ ಕಡೆಯೇ ಮಾತು ಹೆಚ್ಚು ಸ್ಪಷ್ಟವಾಗಿರಬೇಕೆಂದು ಆ ಹಿರಿಯರು ತಿಳಿದಿದ್ದರು.

ಹೊಣೆಯನ್ನು ದಾಟಿಸುವ ಬಗೆಗೆ ಇನ್ನೊಂದು ನಿದರ್ಶನವಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬದಲ್ಲಿ ಪಾಲ್ಗೊಂಡದ್ದು 360. ಇಷ್ಟು ದೊಡ್ಡ ಹಬ್ಬ ಬೆಳೆದದ್ದರ ಗುಟ್ಟುಗಳಲ್ಲಿ ಒಂದು, ಅದರ ಭಾರ ಯಾವಾಗಲೂ ಒಂದೇ ಹೆಗಲ ಮೇಲೆ ಇರದಿದ್ದುದು. ಒಂದೊಂದು ಸಲ ಒಂದೊಂದು ಕುಟುಂಬ ಅದನ್ನು ತನ್ನ ಹೆಸರಿನಲ್ಲಿ ನಡೆಸುತ್ತದೆ. ಆ ವರ್ಷದ ಮಟ್ಟಿಗೆ ಮನೆಮಂದಿಯೆಲ್ಲ ಬೆವರು ಸುರಿಸಿ ದುಡಿಯುತ್ತಾರೆ; ಮುಗಿದ ಮೇಲೆ ಮುಂದಿನ ಕುಟುಂಬಕ್ಕೆ ಒಪ್ಪಿಸಿ, ಮರುವರ್ಷ ನಿಶ್ಚಿಂತೆಯಿಂದ ಬೇಲಿಯ ಪಕ್ಕ ನಿಂತು ಆಟ ನೋಡುತ್ತಾರೆ. ‘ಕೈಬಿಟ್ಟರು’ ಎಂದು ಅವರನ್ನು ಯಾರೂ ದೂರುವುದಿಲ್ಲ.

ತಂತ್ರಾಂಶದ ಲೋಕದಲ್ಲಿಯೂ ವಿವೇಕಿಗಳು ಇಂಥದೇ ದಾರಿಗಳನ್ನು ಕಂಡುಕೊಂಡಿದ್ದಾರೆ. 1993ರಲ್ಲಿ ಹುಟ್ಟಿದ ಡೆಬಿಯನ್ ಎಂಬ ಸ್ವಯಂಸೇವಕರ ಸಮುದಾಯ 1998ರಲ್ಲಿ ತನಗೊಂದು ಸಂವಿಧಾನವನ್ನು ಬರೆದುಕೊಂಡಿತು. ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ, ಆದರೆ ಒಪ್ಪಿದ ನಿಯಮಗಳಿಗೆ ವಿರುದ್ಧವಾಗಿ ನಡೆಯಕೂಡದು ಎಂಬುದು ಅದರ ಮೊದಲ ತತ್ವಗಳಲ್ಲೊಂದು. ನೋಡಿಕೊಳ್ಳುವವರಿಲ್ಲದ ತಂತ್ರಾಂಶವನ್ನು ಅವರು ‘ಅನಾಥ’ವೆಂದು ಪ್ರಕಟಿಸುತ್ತಾರೆ, ಬೇಕಾದವರು ಅದನ್ನು ‘ದತ್ತು’ ತೆಗೆದುಕೊಳ್ಳುತ್ತಾರೆ. ಎಂಥ ಮಾನವೀಯವಾದ ಪರಿಭಾಷೆ! ಪೈಥಾನ್ ಎಂಬ ಪ್ರಸಿದ್ಧ ಗಣಕಭಾಷೆಯ ಜನಕ ಗೀಡೊ ವಾನ್ ರೋಸಮ್ ಅವರಿಗೆ ಅಭಿಮಾನಿಗಳು ತಮಾಷೆಗೆ ‘ಆಜೀವ ಸರ್ವಾಧಿಕಾರಿ’ಯ ಬಿರುದು ಕೊಟ್ಟಿದ್ದರು. 2018ರಲ್ಲಿ, ಮುಗಿಯದ ಚರ್ಚೆಗಳಿಂದ ಬಳಲಿದ ಅವರು, ತಾವು ಕೆಳಗಿಳಿಯುವುದಾಗಿ ತಿಳಿಸಿದರು. ಆಕಾಶ ಕಳಚಿ ಬೀಳಲಿಲ್ಲ. ಮರುವರ್ಷ ಐವರ ಚುನಾಯಿತ ಮಂಡಳಿಯೊಂದು ಆ ಹೊಣೆಯನ್ನು ಹೊತ್ತುಕೊಂಡಿತು.

ನನ್ನ ವಿದ್ಯಾರ್ಥಿಗೆ ಇವನ್ನೆಲ್ಲ ಹೇಳಿ, “ರಾಜೀನಾಮೆ ಕೊಡುವುದಕ್ಕೆ ಮೇಲಧಿಕಾರಿ ಬೇಕಿಲ್ಲಪ್ಪ, ಅರುವನಂತೆ ನಾಲ್ಕು ಜನರೆದುರಿಗೆ ಬಾಯಿಬಿಟ್ಟು ಹೇಳಿದರಾಯಿತು” ಎಂದೆ. ಅವನು ಕೂಡಲೇ ಒಪ್ಪಲಿಲ್ಲ. “ಅಷ್ಟು ಜನ ನಂಬಿದ್ದಾರೆ, ಸರ್” ಎಂದ. ನಂಬಿದವರಿಗೆ ಸಲ್ಲಬೇಕಾದದ್ದು ಸತ್ಯವೇ ಹೊರತು ಮೌನವಲ್ಲವಷ್ಟೆ ಎಂದು ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಮೇಜಿನ ಮೇಲಿದ್ದ ಕಾಗದದಲ್ಲೇ ಬರೆಯತೊಡಗಿದ. ತಂತ್ರಾಂಶದ ಪುಟದಲ್ಲಿ ಅವನು ಪ್ರಕಟಿಸಿದ ಆ ಪ್ರಕಟಣೆ ನಾಲ್ಕೇ ಸಾಲಿನದು: ಇನ್ನು ಮೂರು ತಿಂಗಳು ತಾನು ಹೊಸ ಕೆಲಸವೇನನ್ನೂ ಎತ್ತಿಕೊಳ್ಳುವುದಿಲ್ಲ, ಮುಂದೆ ನೋಡಿಕೊಳ್ಳಬಯಸುವವರಿಗೆ ಆ ಅವಧಿಯಲ್ಲಿ ಒಳಹೊರಗನ್ನೆಲ್ಲ ತೋರಿಸಿಕೊಡುತ್ತಾನೆ, ಆಮೇಲೆ ತಾನೂ ಒಬ್ಬ ಬಳಕೆದಾರನಷ್ಟೆ, ಇಷ್ಟು ದಿನ ಬಳಸಿದವರಿಗೆ ವಂದನೆ.

ಮೊದಲು ಬಂದ ಉತ್ತರ ಒಂದು ದೂರು. ‘ಹೀಗೆ ನಡುನೀರಿನಲ್ಲಿ ಬಿಡುವುದು ಸರಿಯೇ?’ ಎಂದು. ಎರಡನೆಯ ವಾರ ವಿಜಯಪುರದ ಕಡೆಯ ಹೈಸ್ಕೂಲು ಮೇಷ್ಟರೊಬ್ಬರು, ಮೂರನೆಯ ವಾರ ಶಿವಮೊಗ್ಗದ ಒಬ್ಬ ಕಾಲೇಜು ಹುಡುಗಿ, ತಾವು ಕಲಿತು ನೋಡಿಕೊಳ್ಳುವುದಾಗಿ ಬರೆದರು. ಮೂರು ತಿಂಗಳಿಗೆ ಬದಲು ಐದು ತಿಂಗಳು ಹಿಡಿಯಿತು. ಹಳೆಯ ತಪ್ಪುಗಳಲ್ಲಿ ಎಷ್ಟೋ ಇನ್ನೂ ಹಾಗೆಯೇ ಇವೆ. ಆದರೆ ತಂತ್ರಾಂಶ ಅನಾಥವಾಗಲಿಲ್ಲ, ಹುಡುಗನೂ ಕಳೆದುಹೋಗಲಿಲ್ಲ. ಕಳೆದ ತಿಂಗಳು ಫೋನು ಮಾಡಿದಾಗ, ಒತ್ತಕ್ಷರದ ಆ ಹಳೆಯ ತೊಡಕಿಗೆ ಒಂದು ಪರಿಹಾರ ಹೊಳೆದಿದೆಯೆಂದೂ, ಅದನ್ನು ಹುಡುಗಿಗೆ ಬರೆದು ಕಳಿಸಿದ್ದೇನೆಂದೂ ಹೇಳಿದ. ಅವನ ದನಿಯಲ್ಲಿ ಬಹುಕಾಲದ ಮೇಲೆ ಕೇಶಿರಾಜನ ಕಾಲದ ಲವಲವಿಕೆಯಿತ್ತು.

ಇಷ್ಟನ್ನು ಬರೆದುದಕ್ಕೆ ಕಾರಣವಿದೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮುಕ್ತ ತಂತ್ರಾಂಶದ ಹೆಸರನ್ನೇ ಕೇಳದವರಿರಬಹುದು. ಆದರೆ ಸ್ವಂತ ಇಚ್ಛೆಯಿಂದ ಹೊತ್ತ ಹೊಣೆಯೊಂದು ಇಲ್ಲದ ಮನೆ ಅಪರೂಪ. ಬಡಾವಣೆಯ ಸಂಘದ ಕಾರ್ಯದರ್ಶಿ, ಗಣೇಶೋತ್ಸವದ ಲೆಕ್ಕ ಬರೆಯುವಾತ, ಮಹಿಳಾ ಸಮಾಜದ ಗ್ರಂಥಾಲಯದ ಬೀಗದ ಕೈಯನ್ನು ಹನ್ನೆರಡು ವರ್ಷದಿಂದ ಸೆರಗಿಗೆ ಗಂಟು ಹಾಕಿಕೊಂಡಿರುವ ತಾಯಿ, ಇವರೆಲ್ಲರೂ ನನ್ನ ವಿದ್ಯಾರ್ಥಿಯ ಬಂಧುಗಳೇ. ಅವರನ್ನು ಒಮ್ಮೆ ಕೇಳಿ: ಎಷ್ಟು ದಿನ ಮಾಡುವ ಮನಸ್ಸಿದೆ? ಮುಂದೆ ಯಾರಿಗೆ ಕಲಿಸುತ್ತೀರಿ? ಕೇಳುವುದರಿಂದ ಅವರು ಬಿಟ್ಟುಹೋಗುವರೆಂಬ ಅಂಜಿಕೆ ಬೇಡ. ನಾನು ಕಂಡಂತೆ, ಹೋಗಲು ಬಾಗಿಲಿದೆ ಎಂದು ತಿಳಿದವರೇ ನೆಮ್ಮದಿಯಿಂದ ಒಳಗೆ ಕೂರುತ್ತಾರೆ.

ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಹೆಸರಿನ ಮುಂದೆ ಈಗ ಒಂದು ಸಾಲು ಸೇರಿಸಿದ್ದೇನೆ: ‘ವಾರಕ್ಕೆ ಮೂರು ರಾತ್ರಿ, ಮುಂದಿನ ಯುಗಾದಿಯವರೆಗೆ, ಮಳೆಗಾಲದಲ್ಲಿ ವಿದ್ಯುತ್ತಿದ್ದರೆ.’ ಬೀದರಿನ ಮಿತ್ರರು ಅದನ್ನೋದಿ, ತಮ್ಮ ಹೆಸರಿನ ಮುಂದೆಯೂ ಒಂದು ಸಾಲು ಬರೆದುಕೊಂಡಿದ್ದಾರೆ. ‘ಉಳಿಸು’, ‘ಕಾಪಿಡು’ಗಳ ವ್ಯಾಜ್ಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.